ಮೊಬೈಲಿನೊಳಗಿನ ಬೇಹುಗಾರ ಮತ್ತು ನಮ್ಮ ಹೆಬ್ಬೆಟ್ಟು

(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ಏರ್ಪಡಿಸಿದ್ದ ಗ್ರಾಹಕ ಜಾಗೃತಿ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಒಂದು ಹಳ್ಳಿಯ ಸಂಘ ಇಪ್ಪತ್ತೈದು ವರ್ಷ ಬಾಳುವುದು ಹುಡುಗಾಟದ ಮಾತಲ್ಲ. ಮಳೆ ಕೈಕೊಟ್ಟ ವರ್ಷ ಬರುತ್ತದೆ, ಮೆಣಸಿನಕಾಯಿ ದರ ನೆಲ ಕಚ್ಚಿದ ವರ್ಷ ಬರುತ್ತದೆ, ವಸೂಲಿ ನಿಂತ ವರ್ಷ ಬರುತ್ತದೆ. ಅವನ್ನೆಲ್ಲ ದಾಟಿ ಈ ಸಂಘ ಇವತ್ತು ಬೆಳ್ಳಿಹಬ್ಬ ಮಾಡಿಕೊಳ್ಳುತ್ತಿದೆ. ಇದಕ್ಕಾಗಿ ದುಡಿದ ಎಲ್ಲರಿಗೂ ಮೊದಲು ನಮ್ಮ ಅಭಿನಂದನೆಗಳು.

ನಮಗೆ ಕೊಟ್ಟ ವಿಷಯ, ಮೊಬೈಲಿನಲ್ಲಿ ಅಡಗಿ ಕೂತು ನಮ್ಮ ಗುಟ್ಟು ಕದಿಯುವ ತಂತ್ರಾಂಶಗಳ ಕುರಿತು. "ಸೊಸಾಯ್ಟಿ ಹಬ್ಬದಾಗ ಮೊಬೈಲಿನ ಮಾತು ಯಾಕ್ರಿ? ಅದು ಬೆಂಗಳೂರು, ಹುಬ್ಬಳ್ಳಿ ಮಂದಿ ತಾಪತ್ರಯ" ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಇದು ಸಹಕಾರ ಚಳವಳಿಯ ಹುಟ್ಟಿಗೇ ಸಂಬಂಧಪಟ್ಟ ಮಾತು. ಹೇಗೆ ಎಂಬುದನ್ನು ಹೇಳುತ್ತೇವೆ.

1905ರಲ್ಲಿ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಸಹಕಾರಿ ಸಂಘ ಕಟ್ಟಿದರು. ಆಗ ಕಣಗಿನಹಾಳವೂ ನಮ್ಮ ಹಾವೇರಿ ಸೀಮೆಯೂ ಒಂದೇ ಧಾರವಾಡ ಜಿಲ್ಲೆಯೊಳಗಿದ್ದವು. ಆ ಕಾಲದ ರೈತನ ದೊಡ್ಡ ಕಷ್ಟ ಬಡ್ಡಿಯದು ಮಾತ್ರವೇ ಆಗಿರಲಿಲ್ಲ. ಅದು ಹೆಬ್ಬೆಟ್ಟಿನ ಕಷ್ಟ. ಓದಲು ಬಾರದ ಕಾಗದದ ಮೇಲೆ, ಎಷ್ಟೋ ಸಲ ಖಾಲಿ ಕಾಗದದ ಮೇಲೆ, ಸಾಹುಕಾರ ಹೇಳಿದಲ್ಲಿ ಹೆಬ್ಬೆಟ್ಟು ಒತ್ತಿ ಬರಬೇಕಿತ್ತು. ಅದರಲ್ಲಿ ಏನು ಬರೆದುಕೊಂಡರು ಎಂಬುದು ಹೊಲ ಹೋದ ಮೇಲೆ ತಿಳಿಯುತ್ತಿತ್ತು. ಸಹಕಾರಿ ಸಂಘ ಬಂದ ಮೇಲೆ ಸಾಲದ ಲೆಕ್ಕ ಸದಸ್ಯನ ಎದುರಿಗೇ ಬರೆಯುವ ಪದ್ಧತಿ ಬಂತು. ಆ ಲೆಕ್ಕ ಸಂಘಕ್ಕೂ ಸದಸ್ಯನಿಗೂ ಗೊತ್ತಿರುತ್ತಿತ್ತು, ಬಜಾರಿಗೆ ಗೊತ್ತಾಗುತ್ತಿರಲಿಲ್ಲ. ಈ ನಂಬಿಕೆಯೇ ಸಂಘದ ಮೊದಲ ಬಂಡವಾಳ.

ಈಗ ನೋಡ್ರಿ, ಹೆಬ್ಬೆಟ್ಟು ಒತ್ತುವ ಕಾಗದ ನಮ್ಮ ಅಂಗಿ ಕಿಸೆಯಲ್ಲೇ ಐತಿ. ಫೋನಿನಲ್ಲಿ ಯಾವುದೋ ಒಂದು ಆ್ಯಪ್ ತೆಗೆದರೆ "ಅಲೋ" ಎಂದು ಒಂದು ಗುಂಡಿ ಬರುತ್ತದೆ. ಏನು ಬರೆದಿದೆ ಎಂದು ಓದದೇ ಒತ್ತಿಬಿಡುತ್ತೇವೆ. ಆ ಗುಂಡಿಯೇ ಇವತ್ತಿನ ಹೆಬ್ಬೆಟ್ಟು. ಖಾಲಿ ಕಾಗದ ಹೋಗಿ ಹೊಳೆಯುವ ಗಾಜು ಬಂದಿದೆ ಅಷ್ಟೇ. ಇವತ್ತಿನ ನಮ್ಮ ಮಾತಿನ ತಿರುಳು ಇದೇ.

ಬೇಹುಗಾರ ಒಳಗೆ ಬರುವ ಬಗೆ

ಹಿಂದೆ ಅರಸರು ವೈರಿ ರಾಜ್ಯಕ್ಕೆ ಬೇಹುಗಾರರನ್ನು ಕಳಿಸುತ್ತಿದ್ದರು. ಬಳೆಗಾರನ ವೇಷದಲ್ಲೋ ಜಂಗಮನ ವೇಷದಲ್ಲೋ ಅವರು ಕೋಟೆಯೊಳಗೆ ಬರುತ್ತಿದ್ದರು. ಫೋನಿನ ಬೇಹುಗಾರನೂ ವೇಷ ಹಾಕಿಕೊಂಡೇ ಬರುತ್ತಾನೆ. ಇಂಗ್ಲಿಷಿನವರು ಇದಕ್ಕೆ ಸ್ಪೈವೇರ್ ಎನ್ನುತ್ತಾರೆ. ನಾವು ಬೇಹುಗಾರ ತಂತ್ರಾಂಶ ಎನ್ನೋಣ.

ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಮಾರಿದ ಒಬ್ಬ ರೈತನನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಸುಗ್ಗಿಯ ದಿನಗಳು, ಖಾತೆಗೆ ವರ್ಷದ ದುಡಿಮೆಯ ಹಣ ಬಿದ್ದಿದೆ. ವಾಟ್ಸಾಪಿನಲ್ಲಿ ಒಂದು ಸಂದೇಶ ಬರುತ್ತದೆ: "ನಿಮ್ಮ ಕಿಸಾನ್ ಸಮ್ಮಾನ್ ಕಂತು ತಡೆದಿದೆ, ಈ ಆ್ಯಪ್ ಹಾಕಿಕೊಳ್ಳಿ." ಇನ್ನೊಬ್ಬರಿಗೆ "ನಿಮ್ಮ ಗಾಡಿ ಮೇಲೆ ದಂಡ ಬಿದ್ದಿದೆ" ಎಂದು, ಮತ್ತೊಬ್ಬರಿಗೆ ಮದುವೆಯ ಲಗ್ನಪತ್ರಿಕೆ ಎಂದು ಬರುತ್ತದೆ. ಒತ್ತಿ ನೋಡಿದರೆ ಅದು ಪತ್ರಿಕೆಯೂ ಅಲ್ಲ, ಚಿತ್ರವೂ ಅಲ್ಲ. ಹೆಸರಿನ ಕೊನೆಗೆ "ಎ.ಪಿ.ಕೆ." ಎಂಬ ಮೂರು ಅಕ್ಷರ ಇರುತ್ತವೆ. ಆ ಮೂರು ಅಕ್ಷರ ಕಂಡರೆ ಅದು ಫೋನಿನಲ್ಲಿ ಹೊಸದೊಂದು ಆ್ಯಪ್ ಕೂಡಿಸುವ ಕಡತ ಎಂದು ತಿಳಿಯಬೇಕು. ಲಗ್ನಪತ್ರಿಕೆಗೆ ಆ ಮೂರು ಅಕ್ಷರದ ಕೆಲಸವೇ ಇಲ್ಲ.

ಅದು ಒಳಗೆ ಕೂತ ಮೇಲೆ ಒಂದೊಂದೇ ಪರವಾನಿಗೆ ಕೇಳುತ್ತದೆ: ಎಸ್.ಎಂ.ಎಸ್. ಓದಲು, ಫೋನ್ ಕರೆ ನೋಡಲು, ಸಂಪರ್ಕದ ಹೆಸರುಗಳನ್ನು ತೆಗೆದುಕೊಳ್ಳಲು. ಎಲ್ಲಕ್ಕಿಂತ ಅಪಾಯದ್ದು "ಆಕ್ಸೆಸಿಬಿಲಿಟಿ" ಎಂಬ ಪರವಾನಿಗೆ. ಅದು ಕಣ್ಣು ಕಾಣದವರಿಗೆ, ಕೈ ನಡುಗುವವರಿಗೆ ಅನುಕೂಲವಾಗಲೆಂದು ಮಾಡಿದ ಸೌಲಭ್ಯ. ಅದನ್ನು ಕೊಟ್ಟರೆ ಪರದೆಯ ಮೇಲಿನ ಅಕ್ಷರವನ್ನೆಲ್ಲ ಆ ಆ್ಯಪ್ ಓದಬಲ್ಲದು, ನಮ್ಮ ಪರವಾಗಿ ಗುಂಡಿಯನ್ನೂ ಒತ್ತಬಲ್ಲದು. ಅಂದಮೇಲೆ ಬ್ಯಾಂಕಿನಿಂದ ಬಂದ ಓ.ಟಿ.ಪಿ. ನಾವು ಯಾರಿಗೂ ಹೇಳಬೇಕಾಗಿಲ್ಲ, ಅದೇ ಓದಿ ಕಳ್ಳನಿಗೆ ಮುಟ್ಟಿಸುತ್ತದೆ. "ನಾ ಯಾರಿಗೂ ಓ.ಟಿ.ಪಿ. ಹೇಳೇ ಇಲ್ರಿ, ರೊಕ್ಕ ಹೆಂಗ ಹೋತು?" ಎಂದು ಕೇಳುವವರು ಸುಳ್ಳು ಹೇಳುತ್ತಿಲ್ಲ. ಅವರು ಹೇಳಿರುವುದಿಲ್ಲ, ಅವರ ಫೋನು ಹೇಳಿರುತ್ತದೆ. ಇಂಥ ಕೆಲವು ಆ್ಯಪುಗಳು ತಮ್ಮ ಗುರುತಿನ ಚಿತ್ರವನ್ನೇ ಮರೆಮಾಡಿಕೊಳ್ಳುವುದರಿಂದ ಹುಡುಕಿದರೂ ಕಣ್ಣಿಗೆ ಬೀಳುವುದಿಲ್ಲ.

ಎರಡನೆಯ ಬಾಗಿಲು ಪರದೆ ಹಂಚಿಕೊಳ್ಳುವ ಆ್ಯಪು. "ಬ್ಯಾಂಕಿನಿಂದ ಮಾತಾಡ್ತೀವಿ, ನಿಮ್ಮ ತೊಂದರೆ ನಾವ ಸರಿ ಮಾಡ್ತೀವಿ, ಇದನ್ನ ಹಾಕ್ಕೊಂಡು ಒಂಬತ್ತಂಕಿ ನಂಬರ್ ಹೇಳ್ರಿ" ಎನ್ನುತ್ತಾರೆ. ಆ ನಂಬರು ಹೇಳಿದರೆ ನಮ್ಮ ಫೋನಿನ ಪರದೆ ಅವರ ಮುಂದೆ ತೆರೆದಿಟ್ಟಂತೆ. 2019ರಲ್ಲೇ ರಿಜರ್ವ್ ಬ್ಯಾಂಕು 'ಎನಿಡೆಸ್ಕ್' ಎಂಬ ಆ್ಯಪಿನ ಹೆಸರು ಹೇಳಿ ಬ್ಯಾಂಕುಗಳಿಗೆ ಎಚ್ಚರಿಕೆ ಕೊಟ್ಟಿತ್ತು. ಆ ಆ್ಯಪು ದೂರದಿಂದ ಗಣಕಯಂತ್ರ ದುರಸ್ತಿ ಮಾಡುವವರಿಗೆ ಉಪಯೋಗದ್ದೇ. ಕುಡುಗೋಲು ರಾಶಿಗೂ ಬೇಕು, ಕಳ್ಳನ ಕೈಗೆ ಸಿಕ್ಕರೆ ಕುತ್ತಿಗೆಗೂ ಬರುತ್ತದೆ.

ಸಾಲದ ಆ್ಯಪು: ಮಾನ ಒತ್ತೆ ಇಟ್ಟ ಸಾಲ

ಮೂರನೆಯ ಬಾಗಿಲು ನಮ್ಮ ಸಂಘಕ್ಕೆ ನೇರವಾಗಿ ಸಂಬಂಧಪಟ್ಟದ್ದು. ಹತ್ತು ನಿಮಿಷದಲ್ಲಿ ಸಾಲ ಕೊಡುತ್ತೇವೆ, ಉತಾರ ಬೇಡ, ಜಾಮೀನು ಬೇಡ ಎಂದು ಕೆಲವು ಆ್ಯಪುಗಳು ಕರೆಯುತ್ತವೆ. ಜಾಮೀನು ಬೇಡ ಎನ್ನುವುದು ಸುಳ್ಳು. ನಮ್ಮ ಫೋನಿನಲ್ಲಿರುವ ಹೆಸರುಗಳು, ಫೋಟೋಗಳೇ ಅವರಿಗೆ ಜಾಮೀನು. ಕಂತು ಎರಡು ದಿನ ತಡವಾದರೆ ಬೀಗರಿಗೆ, ಮಗನ ಶಾಲೆಯ ಮಾಸ್ತರರಿಗೆ, ಮಗಳು ಕೊಟ್ಟ ಮನೆಗೆ ಫೋನು ಹೋಗುತ್ತದೆ. ಫೋಟೋ ತಿದ್ದಿ ಅಸಹ್ಯ ಮಾಡಿ ಕಳಿಸುತ್ತಾರೆ.

ಇದನ್ನು ತಡೆಯಲೆಂದೇ ರಿಜರ್ವ್ ಬ್ಯಾಂಕು 2022ರ ಸೆಪ್ಟೆಂಬರದಲ್ಲಿ ನಿಯಮ ಮಾಡಿತು. ಸಾಲದ ಆ್ಯಪುಗಳು ಸಾಲಗಾರನ ಫೋನಿನಲ್ಲಿರುವ ಸಂಪರ್ಕದ ಪಟ್ಟಿ, ಕರೆಗಳ ವಿವರ, ಕಡತ, ಚಿತ್ರಗಳನ್ನು ಮುಟ್ಟಕೂಡದು. ಕ್ಯಾಮೆರಾ, ಸ್ಥಳದ ಗುರುತು ಮೊದಲಾದವನ್ನು ಖಾತೆ ಮಾಡುವಾಗ ಒಂದೇ ಸಲ, ಸಾಲಗಾರನ ಒಪ್ಪಿಗೆ ಪಡೆದು ಬಳಸಬಹುದು. 2025ರ ಮೇ ತಿಂಗಳ ನಿರ್ದೇಶನಗಳಲ್ಲೂ ಈ ಮಾತನ್ನು ಉಳಿಸಿಕೊಂಡಿದೆ. ಆದ್ದರಿಂದ ಸಾಲ ಕೊಡುವ ಆ್ಯಪು ಸಂಪರ್ಕದ ಪಟ್ಟಿ ಕೇಳಿದರೆ ಅದು ನಿಯಮ ಮುರಿಯುವ ಆ್ಯಪು. ಅಲ್ಲಿಗೇ ಕೈಬಿಡಬೇಕು. ನಿಯಂತ್ರಣಕ್ಕೆ ಒಳಪಟ್ಟ ಸಂಸ್ಥೆಗಳು ತಾವು ಬಳಸುವ ಆ್ಯಪುಗಳ ಹೆಸರು ಕೊಟ್ಟಿರುವ ಪಟ್ಟಿ 2025ರ ಜುಲೈಯಿಂದ ರಿಜರ್ವ್ ಬ್ಯಾಂಕಿನ ಜಾಲತಾಣದಲ್ಲಿದೆ. ಸಾಲಕ್ಕೆ ಕೈ ಚಾಚುವ ಮುಂಚೆ ಮನೆಯ ಓದಿದ ಮಕ್ಕಳಿಂದ ಅದನ್ನು ತೆಗೆಸಿ ನೋಡಿಸಬೇಕು.

ಸಾಲದ ಅವಮಾನ ಎಷ್ಟು ಸುಡುತ್ತದೆ ಎಂಬುದನ್ನು ನಮ್ಮ ಜಿಲ್ಲೆಗೆ ಯಾರೂ ಹೊಸದಾಗಿ ಹೇಳಬೇಕಿಲ್ಲ. 2025ರ ಜನವರಿಯಲ್ಲಿ ಮೈಕ್ರೋ ಫೈನಾನ್ಸ್ ವಸೂಲಿಯ ಕಿರುಕುಳ ತಾಳಲಾರದೆ ನಮ್ಮ ಹಾವೇರಿ ಜಿಲ್ಲೆಯ ಹೆಣ್ಣುಮಕ್ಕಳು ಮುಖ್ಯಮಂತ್ರಿಗಳಿಗೆ ಮಾಂಗಲ್ಯ ಕಳಿಸಿದರು. ಮುಂದಿನ ತಿಂಗಳೇ ಸರ್ಕಾರ ಬಲವಂತದ ವಸೂಲಿ ತಡೆಯುವ ಸುಗ್ರೀವಾಜ್ಞೆ ತಂತು. ಆ ಕಿರುಕುಳ ಮನೆಯ ಬಾಗಿಲಿಗೆ ಬಂದು ನಿಲ್ಲುತ್ತಿತ್ತು. ಆ್ಯಪಿನ ಕಿರುಕುಳ ಬಾಗಿಲಿಗೆ ಬರುವುದಿಲ್ಲ, ನಮ್ಮವರ ಎಲ್ಲರ ಫೋನಿಗೂ ಒಮ್ಮೆಲೇ ಬರುತ್ತದೆ. ಸಣ್ಣ ಸಾಲ ಸಮಯಕ್ಕೆ ಸಿಗದಿದ್ದಾಗಲೇ ಜನ ಅಂಥ ಆ್ಯಪಿಗೆ ಹೋಗುವುದು. ಸಂಘದ ಆಡಳಿತ ಮಂಡಳಿ ಇದನ್ನು ಮನಸ್ಸಿನಲ್ಲಿಡಬೇಕು.

ನಿಜವಾದ ಹೆಬ್ಬೆಟ್ಟಿನ ಕಳವು

"ನಮ್ಮ ಹತ್ರ ದೊಡ್ಡ ಫೋನ ಇಲ್ರಿ, ಬಟನ್ ಫೋನ್ ಐತಿ, ನಮಗೇನ್ ಅಂಜಿಕಿ?" ಎನ್ನುವ ಹಿರಿಯರಿದ್ದಾರೆ. ಅವರಿಗೂ ಒಂದು ಮಾತು. ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳಿನ ಗುರುತು ಈ ಮೂರು ಇದ್ದರೆ ಬ್ಯಾಂಕ್ ಮಿತ್ರರ ಯಂತ್ರದಲ್ಲಿ ಹಣ ತೆಗೆಯಬಹುದು. ಓ.ಟಿ.ಪಿ. ಬೇಡ, ಗುಪ್ತ ಸಂಖ್ಯೆ ಬೇಡ. ಬ್ಯಾಂಕು ದೂರವಿದ್ದ ಊರಿನ ವೃದ್ಧರಿಗೆ ಇದು ದೊಡ್ಡ ಉಪಕಾರ ಮಾಡಿದೆ. ಆದರೆ 2023ರಲ್ಲಿ ನಮ್ಮ ರಾಜ್ಯದಲ್ಲೇ ಏನಾಯಿತು ಕೇಳಿರಿ. ಆಸ್ತಿ ನೋಂದಣಿಯ 'ಕಾವೇರಿ' ಜಾಲತಾಣದಿಂದ ಖರೀದಿಪತ್ರಗಳನ್ನು ಇಳಿಸಿಕೊಂಡು, ಅದರಲ್ಲಿದ್ದ ಹೆಬ್ಬೆಟ್ಟಿನ ಗುರುತಿನಿಂದ ನಕಲಿ ಬೆರಳಚ್ಚು ಮಾಡಿ ಖಾತೆಗಳಿಂದ ಹಣ ತೆಗೆದರು. ಈ ಸಂಬಂಧ ಮಂಗಳೂರು ಪೊಲೀಸರು ಬಿಹಾರದ ಮೂವರನ್ನು ಬಂಧಿಸಿದರು. ಹೊಲ ಕೊಂಡಾಗ ಒತ್ತಿದ ಹೆಬ್ಬೆಟ್ಟು ಸಾವಿರಾರು ಮೈಲು ದೂರದ ಕಳ್ಳನ ಕೈಗೆ ಬೀಗದ ಕೈ ಆಯಿತು.

ಗುಪ್ತ ಸಂಖ್ಯೆ ಬದಲಾಯಿಸಬಹುದು, ಬೆರಳು ಬದಲಾಯಿಸಲು ಬರುವುದಿಲ್ಲ. ಅದಕ್ಕೆ ಉಪಾಯ ಒಂದಿದೆ: ಆಧಾರ್ ಪ್ರಾಧಿಕಾರದ ಜಾಲತಾಣದಲ್ಲೋ ಆ್ಯಪಿನಲ್ಲೋ ನಮ್ಮ ಬೆರಳಚ್ಚಿಗೆ ಬೀಗ ಹಾಕಬಹುದು, ಬೇಕಾದಾಗ ತೆಗೆಯಬಹುದು. ಇದಕ್ಕೆ ಆಧಾರಿಗೆ ಜೋಡಿಸಿದ ಮೊಬೈಲ್ ನಂಬರು ನಮ್ಮದೇ ಇರಬೇಕು. ಕೆಲವರ ಆಧಾರಿಗೆ ಇಂದಿಗೂ ಯಾವುದೋ ಝರಾಕ್ಸ್ ಅಂಗಡಿಯವನ ನಂಬರು ಜೋಡಿಸಿರುತ್ತದೆ. ಅದನ್ನು ಮೊದಲು ಸರಿಪಡಿಸಿಕೊಳ್ಳಿ.

ಆಧಾರಿನ ನಕಲು ಪ್ರತಿಯ ಮಾತು ಬಂದಾಗ ಇನ್ನೊಂದು ಸಂಗತಿ. 2022ರ ಮೇ ತಿಂಗಳಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ, ಸಿಕ್ಕ ಸಿಕ್ಕವರಿಗೆ ನಕಲು ಪ್ರತಿ ಕೊಡಬೇಡಿ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮರೆಮಾಡಿದ ಆಧಾರ್ ಕೊಡಿ ಎಂದು ಪ್ರಕಟಣೆ ಕೊಟ್ಟಿತು. ಜನ ತಪ್ಪು ತಿಳಿಯಬಹುದು ಎಂದು ಕೇಂದ್ರ ಸರ್ಕಾರ ಎರಡೇ ದಿನದಲ್ಲಿ ಅದನ್ನು ಹಿಂದಕ್ಕೆ ಪಡೆಯಿತು. ಪ್ರಕಟಣೆ ಹೋದರೂ ಮರೆಮಾಡಿದ ಆಧಾರಿನ ಸೌಲಭ್ಯ ಉಳಿದಿದೆ. ರಾಣೆಬೆನ್ನೂರು ಸೀಮೆಯಲ್ಲಿ ಬೀಜೋತ್ಪಾದನೆ ಮಾಡುವ ರೈತರು ಪ್ಲಾಟಿಗೆ ಹೆಸರು ಬರೆಸುವಾಗ, ಸಿಮ್ ಕೊಳ್ಳುವಾಗ, ಲಾಡ್ಜಿನಲ್ಲಿ ಉಳಿಯುವಾಗ ಆಧಾರ್ ಪ್ರತಿ ಕೊಡುತ್ತಲೇ ಇರುತ್ತಾರೆ. ಗುರುತಿಗೆ ಸಾಕಾದರೆ ಮರೆಮಾಡಿದ್ದನ್ನೇ ಕೊಡಿ. ಪೂರ್ತಿ ಪ್ರತಿ ಕೊಡಲೇಬೇಕಾದರೆ ಯಾವ ಕೆಲಸಕ್ಕೆ, ಯಾವ ದಿನ ಎಂದು ಅದರ ಮೇಲೆ ಬರೆದು ಕೊಡಿ.

ಗುಟ್ಟು ಶ್ರೀಮಂತರ ಸೊತ್ತೇ?

ಬೇಹುಗಾರ ತಂತ್ರಾಂಶದಲ್ಲಿ ದೊಡ್ಡ ಜಾತಿಯದೂ ಇದೆ. ಇಸ್ರೇಲಿನ ಕಂಪನಿಯೊಂದರ 'ಪೆಗಾಸಸ್' ಹೆಸರನ್ನು ಪತ್ರಿಕೆಗಳಲ್ಲಿ ಓದಿರುತ್ತೀರಿ. 2021ರ ಜುಲೈನಲ್ಲಿ ಹೊರಬಿದ್ದ ಸಂಭಾವ್ಯ ಗುರಿಗಳ ಪಟ್ಟಿಯಲ್ಲಿ, 2019ರಲ್ಲಿ ನಮ್ಮ ರಾಜ್ಯದ ಸಮ್ಮಿಶ್ರ ಸರ್ಕಾರ ಬಿದ್ದ ಕಾಲದ ಉಪಮುಖ್ಯಮಂತ್ರಿ ಜಿ. ಪರಮೇಶ್ವರ ಅವರ ನಂಬರು, ಎಚ್.ಡಿ. ಕುಮಾರಸ್ವಾಮಿ ಮತ್ತು ಸಿದ್ದರಾಮಯ್ಯನವರ ಆಪ್ತ ಕಾರ್ಯದರ್ಶಿಗಳ ನಂಬರುಗಳು ಇದ್ದವೆಂದು ವರದಿಯಾಯಿತು. ಪಟ್ಟಿಯಲ್ಲಿ ಇದ್ದ ಮಾತ್ರಕ್ಕೆ ಫೋನು ಕೆಟ್ಟಿತ್ತು ಎಂದಾಗುವುದಿಲ್ಲ. ಸುಪ್ರೀಂ ಕೋರ್ಟು ನಿವೃತ್ತ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅವರ ಮೇಲ್ವಿಚಾರಣೆಯಲ್ಲಿ ತನಿಖೆ ಮಾಡಿಸಿತು. ಪರೀಕ್ಷಿಸಿದ 29 ಫೋನುಗಳಲ್ಲಿ 5ರಲ್ಲಿ ಯಾವುದೋ ಕೆಟ್ಟ ತಂತ್ರಾಂಶ ಸಿಕ್ಕಿತು, ಅದು ಪೆಗಾಸಸ್ಸೇ ಎಂದು ಸಿದ್ಧವಾಗಲಿಲ್ಲ ಎಂದು 2022ರ ಆಗಸ್ಟಿನಲ್ಲಿ ನ್ಯಾಯಾಲಯ ಹೇಳಿತು.

ಇದರಿಂದ ನಾವು ಕಲಿಯಬೇಕಾದದ್ದು ಏನು? ಪೆಗಾಸಸ್ಸಿನಂಥದ್ದು ಯಾರ ಅಪ್ಪಣೆಯನ್ನೂ ಕೇಳದೆ, ಯಾವ ಗುಂಡಿ ಒತ್ತದಿದ್ದರೂ ಒಳಗೆ ನುಗ್ಗಬಲ್ಲದು. ಹಳ್ಳಿಗೆ ಬರುವ ಬೇಹುಗಾರ ಹಾಗಲ್ಲ. ಅವನು ಬಾಗಿಲು ಬಡಿದು ಅಪ್ಪಣೆ ಕೇಳಿಯೇ ಬರುತ್ತಾನೆ. ಆದ್ದರಿಂದ ಅವನನ್ನು ತಡೆಯುವ ಶಕ್ತಿ ನಮ್ಮ ಬೆರಳಿನಲ್ಲೇ ಇದೆ.

"ಬಡವರ ಹತ್ರ ಮುಚ್ಚಿಡಾಕ ಏನೈತ್ರಿ?" ಎಂದು ಕೇಳುವವರಿಗೆ ಕನ್ನಡದ ಹಿರಿಯರೊಬ್ಬರು ಉತ್ತರ ಕೊಟ್ಟು ಹೋಗಿದ್ದಾರೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ವಿಷಯವಾಗಿ ಸುಪ್ರೀಂ ಕೋರ್ಟಿಗೆ ಹೋದರು. ಅವರ ಹೆಸರಿನ ಮೊಕದ್ದಮೆಯಲ್ಲೇ ಒಂಬತ್ತು ನ್ಯಾಯಮೂರ್ತಿಗಳ ಪೀಠ, ಖಾಸಗಿತನ ಪ್ರತಿಯೊಬ್ಬ ನಾಗರಿಕನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಒಮ್ಮತದ ತೀರ್ಪು ಕೊಟ್ಟಿತು. 1997ರ ಅದೇ ಆಗಸ್ಟ್ 24ರಂದು ನಮ್ಮ ಹಾವೇರಿ ಜಿಲ್ಲೆ ಅಸ್ತಿತ್ವಕ್ಕೆ ಬಂದದ್ದು. ಜಿಲ್ಲೆಗೆ ಇಪ್ಪತ್ತು ತುಂಬಿದ ದಿನ ನಮಗೆಲ್ಲ ಈ ಹಕ್ಕು ಗಟ್ಟಿಯಾಯಿತು. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು, ತೀರ್ಪು ನಮ್ಮೊಂದಿಗಿದೆ.

ಬಡವನ ಹತ್ತಿರ ಮುಚ್ಚಿಡಲು ಬಹಳ ಇದೆ ಬಂಧುಗಳೇ. ಯಾರ ಹತ್ತಿರ ಕೈಗಡ ತಂದಿದ್ದಾನೆ, ಮಗಳ ಲಗ್ನದ ಮಾತು ಎಲ್ಲಿ ನಡೆದಿದೆ, ಮನೆಯಲ್ಲಿ ಯಾರಿಗೆ ಯಾವ ಬ್ಯಾನಿ ಐತಿ, ಇವೆಲ್ಲ ಊರ ಮುಂದೆ ಬಂದರೆ ಶ್ರೀಮಂತ ತಡೆದುಕೊಂಡಾನು, ಬಡವ ತಡೆಯಲಾರ. ಗಂಡ ಹೆಂಡತಿಯ ಫೋನಿಗೆ, ಅಣ್ಣ ತಂಗಿಯ ಫೋನಿಗೆ ಕದ್ದು ಬೇಹುಗಾರ ಆ್ಯಪು ಹಾಕುವುದೂ ಇದೇ ತಪ್ಪು. ಮನೆಯೊಳಗೆ ನಡೆಯಿತೆಂದು ಬೇಹುಗಾರಿಕೆ ಕಾಳಜಿ ಆಗುವುದಿಲ್ಲ.

ಸಂಘದ ಕರ್ತವ್ಯ

ಹಬ್ಬದ ದಿನ ಹೊಗಳಿ ಹೋಗುವುದು ಸುಲಭ. ಆದರೆ ಸಂಘದ ಅಭಿಮಾನಿಗಳಾಗಿ ಎರಡು ನಿಷ್ಠುರದ ಮಾತು ಆಡುತ್ತೇವೆ, ಕ್ಷಮೆ ಇರಲಿ. ಸದಸ್ಯರ ಆಧಾರ್ ಪ್ರತಿ, ಉತಾರ, ಪಾಸ್‌ಬುಕ್, ಫೋಟೋ, ಸಹಿ ಎಲ್ಲ ಒಂದೇ ಕಡೆ ಸಿಗುವ ಜಾಗ ಯಾವುದು? ಸಂಘದ ಕಪಾಟು. ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ ಕೇಂದ್ರ ಸರ್ಕಾರ 2022ರ ಜೂನಿನಲ್ಲಿ 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಲೆಕ್ಕ ಶುದ್ಧವಾಗಲು ಅದು ಬೇಕು. ಆದರೆ ಕಪಾಟಿಗೆ ಬೀಗ ಹಾಕುವ ನಾವು ಗಣಕಯಂತ್ರದ ಪಾಸ್‌ವರ್ಡನ್ನು ಗೋಡೆಗೆ ಅಂಟಿಸಿದರೆ ಏನು ಬಂತು? ಹಳೆಯ ಅರ್ಜಿಗಳನ್ನು ರದ್ದಿಗೆ ಹಾಕಿದರೆ, ನಮ್ಮ ಆಧಾರ್ ಪ್ರತಿಯಲ್ಲಿ ಯಾರೋ ಮಿರ್ಚಿ ಕಟ್ಟಿ ಕೊಟ್ಟಾರು. ಸುಸ್ತಿದಾರರ ಹೆಸರನ್ನು ವಾಟ್ಸಾಪ್ ಗುಂಪಿನಲ್ಲಿ ಹಾಕಿದರೆ, ಮಾನ ಹರಾಜು ಹಾಕುವ ಸಾಲದ ಆ್ಯಪಿಗೂ ನಮಗೂ ವ್ಯತ್ಯಾಸ ಉಳಿಯುವುದಿಲ್ಲ. ಬೇಲಿಯೇ ಎದ್ದು ಹೊಲ ಮೇಯಬಾರದು.

ಕಾನೂನೂ ಇದನ್ನೇ ಹೇಳುತ್ತದೆ. ಗ್ರಾಹಕ ನಂಬಿ ಕೊಟ್ಟ ಖಾಸಗಿ ಮಾಹಿತಿಯನ್ನು ಕಾನೂನಿನ ಆಧಾರವಿಲ್ಲದೆ ಬೇರೆಯವರಿಗೆ ಬಿಟ್ಟುಕೊಡುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಎಂದು ಕರೆದಿದೆ. ಅದಕ್ಕೆ ಹಾವೇರಿಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ಬಟ್ಟೆ ಅಂಗಡಿಯವರು ಬಿಲ್ಲಿಗೆ ಮೊಬೈಲ್ ನಂಬರು ಬೇಕೇ ಬೇಕು ಎಂದು ಹಟ ಹಿಡಿಯಕೂಡದು ಎಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರಲ್ಲಿ ಸೂಚಿಸಿದೆ. "ನಂಬರ್ ಕೊಡೂದಿಲ್ರಿ, ಬಿಲ್ ಕೊಡ್ರಿ" ಎನ್ನಲು ಸಂಕೋಚ ಬೇಡ. ಇದಲ್ಲದೆ 2023ರಲ್ಲಿ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಬಂದಿದೆ, ಅದರ ನಿಯಮಗಳು 2025ರ ನವೆಂಬರದಲ್ಲಿ ಪ್ರಕಟವಾಗಿ ಹಂತಹಂತವಾಗಿ ಜಾರಿಗೆ ಬರುವಂತೆ ಗೊತ್ತುಪಡಿಸಲಾಗಿದೆ.

ಕಳವು ಆದಾಗ ಏನು ಮಾಡಬೇಕು?

ಗಾಬರಿ ಆಗಬಾರದು, ನಾಚಿಕೆಯನ್ನಂತೂ ಮೊದಲೇ ಬಿಡಬೇಕು. ತಕ್ಷಣ ಆ ಫೋನಿನ ಇಂಟರ್ನೆಟ್ ಬಂದ್ ಮಾಡಿರಿ. ಬೇರೆ ಫೋನಿನಿಂದ 1930ಕ್ಕೆ ಕರೆ ಮಾಡಿರಿ, ಬ್ಯಾಂಕಿಗೂ ತಿಳಿಸಿರಿ. ಕದ್ದ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹಾರುತ್ತಾ ಹೋಗುತ್ತದೆ. ಅದು ಕೈಗೆ ನಗದಾಗುವ ಮುಂಚೆ ತಡೆಹಿಡಿದರೆ ಮಾತ್ರ ಉಳಿಯುತ್ತದೆ. ಅದಕ್ಕೇ ಮೊದಲ ಒಂದು ತಾಸು ಬಂಗಾರದಂಥದ್ದು. ಆಮೇಲೆ ಹಾವೇರಿಯ ಸಿ.ಇ.ಎನ್. ಠಾಣೆಗೋ ಹತ್ತಿರದ ಠಾಣೆಗೋ ದೂರು ಕೊಡಿ. ಬಂದ ಸಂದೇಶಗಳನ್ನು ಅಳಿಸಬೇಡಿ, ಅವೇ ಸಾಕ್ಷಿ. ಗುಪ್ತ ಸಂಖ್ಯೆಗಳನ್ನು ಬೇರೆ ಫೋನಿನಿಂದ ಬದಲಾಯಿಸಿ. ದೂರು ಮುಗಿದ ಮೇಲೆ ತಿಳಿದವರಿಂದ ಕೆಟ್ಟ ಫೋನನ್ನು ಪೂರ್ತಿ ತೊಳೆಸಿ ಹೊಸದಾಗಿ ಮಾಡಿಸಿಕೊಳ್ಳಿ.

ನಮ್ಮ ತಪ್ಪಿಲ್ಲದೆ ಹಣ ಹೋಗಿ, ಮೂರು ಕೆಲಸದ ದಿನಗಳೊಳಗೆ ಬ್ಯಾಂಕಿಗೆ ತಿಳಿಸಿದರೆ ನಷ್ಟ ಗ್ರಾಹಕನ ಮೇಲೆ ಬೀಳಬಾರದು ಎಂದು ರಿಜರ್ವ್ ಬ್ಯಾಂಕು 2017ರಲ್ಲಿ ನಿಯಮ ಮಾಡಿ, ಅದೇ ವರ್ಷದ ಡಿಸೆಂಬರದಲ್ಲಿ ಸಹಕಾರಿ ಬ್ಯಾಂಕುಗಳಿಗೂ ಹಚ್ಚಿತು. ನಾವೇ ಓ.ಟಿ.ಪಿ. ಕೊಟ್ಟಿದ್ದರೂ, ಬ್ಯಾಂಕಿಗೆ ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದು ಎಂದು ಆ ನಿಯಮ ಹೇಳಿತು. ಹೇಗೇ ಆಗಲಿ, ಬೇಗ ಹೇಳಿದವನಿಗೆ ರಕ್ಷಣೆ ಹೆಚ್ಚು, ಮುಚ್ಚಿಟ್ಟವನಿಗೆ ಕಡಿಮೆ.

ಆದರೆ ಜನ ಯಾಕೆ ಮುಚ್ಚಿಡುತ್ತಾರೆ? "ಇಷ್ಟು ಓದಿ ಹಿಂಗ ಮಾಡ್ಕೊಂಡೆಲ್ಲ" ಎಂದು ನಾವೇ ಬೈಯುತ್ತೇವೆ ಎಂಬ ಅಂಜಿಕೆಗೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ ಎಂಬ ಗಾದೆ ನಮ್ಮಲ್ಲಿದೆ. ನಾಚಿಕೆಯಿಂದ ಎರಡು ದಿನ ಸುಮ್ಮನೆ ಕೂತವರ ಕಥೆ ಅದೇ ಆಗುತ್ತದೆ. ಮನೆಯ ಸೊಸೆಯೋ ಮುದುಕರೋ ಬಂದು "ಹಿಂಗಾತು" ಎಂದರೆ ಬೈಗುಳ ಆಮೇಲಿರಲಿ, ಮೊದಲು 1930 ಒತ್ತೋಣ.

ಕೊನೆಗೆ ಸಂಘಕ್ಕೆ ನಮ್ಮದೊಂದು ವಿನಂತಿ. ಬೆಳ್ಳಿಹಬ್ಬದ ನೆನಪಿಗೆ ಕಮಾನು ಕಟ್ಟಿಸುತ್ತೀರಿ, ಬಹಳ ಸಂತೋಷ. ಅದರ ಜೊತೆಗೆ ವಾರಕ್ಕೊಂದು ದಿನ ಸಂಘದ ಕಟ್ಟೆಯ ಮೇಲೆ ಒಬ್ಬ ತಿಳಿದ ಹುಡುಗನನ್ನೋ ಹುಡುಗಿಯನ್ನೋ ಕೂಡಿಸಿರಿ. ಸದಸ್ಯರ ಬೆರಳಚ್ಚಿಗೆ ಬೀಗ ಹಾಕಿಕೊಡಲಿ, ಹೊರಗಿನ ಕಡತಗಳಿಂದ ಆ್ಯಪು ಕೂಡುವುದನ್ನು ಬಂದ್ ಮಾಡಿಕೊಡಲಿ, ಯಾವ ಆ್ಯಪಿಗೆ ಏನು ಅಪ್ಪಣೆ ಹೋಗಿದೆ ಎಂದು ಓದಿ ಹೇಳಲಿ. ಕೆಲಸವನ್ನೆಲ್ಲ ಸದಸ್ಯರ ಕಣ್ಣೆದುರೇ ಮಾಡಲಿ, ಗುಪ್ತ ಸಂಖ್ಯೆ ಮಾತ್ರ ಸದಸ್ಯರೇ ಒತ್ತಲಿ. ಇದಕ್ಕೆ ಹೆಚ್ಚಿನ ಖರ್ಚಿಲ್ಲ. ಓದು ಬಾರದ ರೈತನಿಗೆ ಕಾಗದ ಓದಿ ಹೇಳಿ ಆಮೇಲೆ ಹೆಬ್ಬೆಟ್ಟು ಕೇಳಿದ್ದು ಸಹಕಾರದ ದೊಡ್ಡತನ. ಅದೇ ಕೆಲಸವನ್ನು ಫೋನಿನ ಮುಂದೆಯೂ ಮಾಡಿದರೆ ಸಂಘ ಸುವರ್ಣ ಮಹೋತ್ಸವಕ್ಕೆ ನಡೆಯುವ ಹೊತ್ತಿಗೆ ಸದಸ್ಯರ ರೊಕ್ಕವೂ ಉಳಿದಿರುತ್ತದೆ, ಮಾನವೂ ಉಳಿದಿರುತ್ತದೆ.

 ಸಹಕಾರಂ ಗೆಲ್ಗೆ.